ಸೂರಿನ ಕೆಳಗೆ ನಿಂತ ಬಿಸಿ

ನೀವು ಯಾವತ್ತಾದರೂ ರೇಷ್ಮೆಹುಳದ ಮನೆಗೆ ಹೋಗಿದ್ದೀರಾ? ಹೋದರೆ ಮೊದಲು ಕೈಕಾಲು ತೊಳೆಸುತ್ತಾರೆ. ಪೌಡರ್, ಸೆಂಟು ಹಾಕಿಕೊಂಡಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. (ಜವನಗೊಂಡನಹಳ್ಳಿ ಹತ್ತಿರದ ನಮ್ಮಕ್ಕ ನನ್ನನ್ನೂ ನಿಲ್ಲಿಸಿದ್ದಳು. ಒಡಹುಟ್ಟಿದವಳು ಅನ್ನುವ ರಿಯಾಯಿತಿಯೂ ಇಲ್ಲ.)

ಕಳೆದ ತಿಂಗಳು ನಾನು ಹೋದಾಗ ಹುಳ ಗೂಡು ಕಟ್ಟಲು ಇನ್ನೇನು ಎರಡು ಮೂರು ದಿನವಿತ್ತು. ಅಕ್ಕನಿಗೆ ದಿನ ತುಂಬಿದ ಮಗಳನ್ನು ಮನೆಯಲ್ಲಿಟ್ಟುಕೊಂಡಷ್ಟು ಆತಂಕ. ಹಿಂದಿನ ಬೆಳೆಯನ್ನು ಊಜಿ ನೊಣ ಹಾಳು ಮಾಡಿತ್ತು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ ಅದು. ಆಗಲೇ ಭಾವ ಹೇಳಿಬಿಟ್ಟಿದ್ದರು, "ಇನ್ನೊಂದ್ ಬೆಳೆ ನೋಡ್ತೀನಿ. ಅದೂ ಕೈ ಕೊಟ್ರೆ ಹಿಪ್ಪುನೇರಳೆ ಕಿತ್ತು ಈರುಳ್ಳಿ ಹಾಕ್ತೀನಿ."

ಆ ಹಿಪ್ಪುನೇರಳೆ ತೋಟ ಅಕ್ಕ ಹಟ ಹಿಡಿದು ಹಾಕಿಸಿದ್ದು. ಊರಲ್ಲಿ ಅವಳನ್ನು ರೇಷ್ಮೆ ಸುಶೀಲಮ್ಮ ಅಂತಲೇ ಕರೆಯುತ್ತಾರೆ.

ನೊಣದ ಭಯಕ್ಕೆ ಭಾವ ಈ ಸಲ ಸೂರಿನ ಕೆಳಗಿನ ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಬಿಗಿದು ಮೊಳೆ ಹೊಡೆದಿದ್ದರು. ಅಲ್ಲಿದ್ದ ಬಲೆ ಹರಿದಿತ್ತು, ಹೊಸದು ತರಲು ಹಿರಿಯೂರಿಗೆ ಹೋಗಬೇಕಿತ್ತು.

"ಒಳಗೆ ಧಗೆ ಆಗ್ತೈತೆ ಕಣ್ರೀ. ಮ್ಯಾಲಿಂದು ಬಿಚ್ರಿ," ಅಂದಳು ಅಕ್ಕ.

"ಬಿಚ್ಚಿದ್ರೆ ನೊಣ ಬರ್ತೈತೆ. ಮೀಟರ್ ನೋಡು, ಸರಿ ಐತೆ." ಭಾವ ನನ್ನತ್ತ ತಿರುಗಿದರು. "ನೀನೇ ಹೇಳಮ್ಮ, ಪೇಪರ್‌ಗೆ ಬರಿಯೋಳು."

ಥರ್ಮಾಮೀಟರ್ ಅಕ್ಕನ ಕಣ್ಣಿಗೆ ಎಟುಕಲಿ ಎಂದು ಮೊಳೆಯನ್ನು ತಗ್ಗಿನಲ್ಲೇ ಹೊಡೆದಿದ್ದರು. (ಅವಳು ಗಿಡ್ಡಿ. ನಮ್ಮ ವಂಶದ ಆಸ್ತಿ.) ಅದರ ಪ್ರಕಾರ ಎಲ್ಲ ತಂಪಾಗಿತ್ತು.

"ಸರಿಯಾಗೇ ಐತಲ್ಲಕ್ಕ, ಬಿಡು," ಎಂದೆ. ಕಾಫಿ ಕುಡಿದು ದುರ್ಗದ ಬಸ್ ಹತ್ತಿದೆ.

ಬಿಸಿಗಾಳಿ ಹಗುರ, ಮೇಲೇರುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಮೇಲೆ ಕಿಂಡಿಯಿದ್ದರೆ ಅದು ಹೊರಗೆ ಹೋಗಿ, ಕೆಳಗಿನ ಕಿಟಕಿಯಿಂದ ತಂಪುಗಾಳಿ ಒಳಗೆ ಬರುತ್ತದೆ. ಕಿಂಡಿ ಮುಚ್ಚಿದರೆ? ಕಾದ ಚಾವಣಿ ಶೀಟಿನ ಕೆಳಗೆ ಹಾಗೇ ನಿಲ್ಲುತ್ತದೆ. ಇಳಿಯುವುದೂ ಇಲ್ಲ, ಹೊರಡುವುದೂ ಇಲ್ಲ. ಒಂದೇ ಕೋಣೆಯಲ್ಲಿ ಕೆಳಗೆ ಮಾಘ, ಮೇಲೆ ವೈಶಾಖ.

ಹುಳ ಮೇಯಿಸುವ ಸ್ಟ್ಯಾಂಡಿನ ಮೇಲಿನ ಸಾಲಿನವು ಮೊದಲು ಸೊಪ್ಪು ಮೇಯುವುದು ಬಿಟ್ಟವು. ಆಮೇಲೆ ಮೆತ್ತಗಾಗಿ ಸತ್ತವು. ಅಲ್ಲಿಂದ ರೋಗ ಕೆಳಗಿನ ಸಾಲುಗಳಿಗೂ ಇಳಿದು ಬೆಳೆ ಪೂರಾ ಹೋಯಿತು. ಅಕ್ಕ ಸ್ಟೂಲ್ ಹತ್ತಿ ಸೂರಿನ ಹತ್ತಿರ ಕೈ ಚಾಚಿದಾಗ ಒಲೆ ಮುಂದೆ ಹಿಡಿದ ಹಾಗಿತ್ತಂತೆ.

ಕಳ್ಳ ಬಂದಾನು, ಧೂಳು ಬಂದೀತು, ಪಕ್ಕದವರು ಇಣುಕಿಯಾರು ಅಂತ ನಾವು ಎಲ್ಲವನ್ನೂ ಮುಚ್ಚುತ್ತೇವೆ. ಒಳಗಿರುವವರು ಧಗೆ ಅಂದರೆ ಮೀಟರ್ ತೋರಿಸುತ್ತೇವೆ. ಬೆಳಗಿನಿಂದ ಸಂಜೆತನಕ ಆ ಕೋಣೆಯಲ್ಲಿ ಬೆವರುತ್ತಿದ್ದವಳು ಅಕ್ಕ. ಅವಳ ಮಾತು ಬಿಟ್ಟು ಗೋಡೆಗೆ ನೇತುಹಾಕಿದ ಗಾಜಿನ ಕಡ್ಡಿಯನ್ನು ನಂಬಿದೆನಲ್ಲ, ನನಗೇನು ಬಂದಿತ್ತು?

ಮೊನ್ನೆ ಭಾನುವಾರ ಅಕ್ಕನ ಫೋನ್. ಹಿಂದೆ ತೋಟದಲ್ಲಿ ಟ್ರ್ಯಾಕ್ಟರ್ ಸದ್ದು. ಭಾವ ಆಡಿದ ಮಾತಿಗೆ ತಪ್ಪುವವರಲ್ಲ. ಅಕ್ಕ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಒಂದೇ ಒಂದು ಮಾತು ಕೇಳಿದಳು.

"ಹುಳ ಸತ್ತಿದ್ದಕ್ಕೆ ಗಿಡ ಏನೇ ಮಾಡಿತ್ತು?"