ಇಗರ್ಜಿಗೆ ನಾನಿಟ್ಟ ಪಶ್ಚಿಮದ ಬಾಗಿಲು

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಇಪ್ಪತ್ತೆರಡು ವರ್ಷ. ಕುಮಟೆಯ ಒಬ್ಬ ಕಂತ್ರಾಟದಾರರ ಹತ್ತಿರ ನಕಾಶೆ ಬರೆಯುವ ಕೆಲಸಕ್ಕಿದ್ದೆ. ಹಳದೀಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೆಳಗಾವಿಯಲ್ಲಿ ಎರಡು ವರ್ಷ ಓದಿ ಬಂದವನಾದ್ದರಿಂದ ಕರಾವಳಿಯ ಕಟ್ಟಡಗಳೆಲ್ಲ ನನ್ನ ದಾರಿಯನ್ನೇ ಕಾಯುತ್ತಿವೆ ಎಂದು ತಿಳಿದಿದ್ದೆ. ಅಲ್ಲಿಯವರೆಗೆ ನನ್ನ ನಕಾಶೆಯಂತೆ ಎದ್ದು ನಿಂತದ್ದು ಎರಡು ಅಂಗಡಿ, ಒಂದು ಬಚ್ಚಲುಮನೆ.

ಹೊನ್ನಾವರದ ಗುಡ್ಡದ ಅಂಚಿನಲ್ಲಿ ಪ್ರೆಸ್ಬಿಟೇರಿಯನ್ ಎಂಬ ಸರಳ ಕ್ರೈಸ್ತ ಪಂಥದವರ ಒಂದು ಸಣ್ಣ ಇಗರ್ಜಿ ಇತ್ತು. ಮೊದಲು ಅದು ಕೊಬ್ಬರಿ ತುಂಬುವ ಗೋಡಾವು ಆಗಿತ್ತಂತೆ. ಉದ್ದಕ್ಕೆ ಕೆಂಪುಕಲ್ಲಿನ ಗೋಡೆ, ತಗ್ಗಿದ ಹಂಚಿನ ಮಾಡು, ಎರಡೇ ಕಿಟಕಿ, ಪೂರ್ವಕ್ಕೆ ತಲೆ ಬಗ್ಗಿಸಿ ಒಳಹೋಗಬೇಕಾದ ಒಂದು ಬಾಗಿಲು. ಅದನ್ನು ಎತ್ತರಿಸಿ, ಬೆಳಕು ಬರುವಂತೆ ಮಾಡಿಕೊಡಬೇಕೆಂದು ಸಭೆಯವರು ನಮ್ಮ ಕಂತ್ರಾಟದಾರರನ್ನು ಕೇಳಿದರು. ಅವರು ನನ್ನನ್ನು ಕಳಿಸಿದರು.

ಅಲ್ಲಿ ಎಲ್ಲ ತೀರ್ಮಾನ ಒಬ್ಬ ಅಕ್ಕೋರದ್ದು. ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಬಿಳಿ ಸೀರೆ, ಕಪ್ಪು ಕೊಡೆ. ಸಭೆಗೆ ಹಿರಿಯರೆಂದು ಆರು ಗಂಡಸರಿದ್ದರು. ಏನು ಕೇಳಿದರೂ ಆರೂ ಮಂದಿ ಅಕ್ಕೋರ ಕಡೆ ನೋಡುತ್ತಿದ್ದರು. ಪಾದ್ರಿಗಳೂ ನೋಡುತ್ತಿದ್ದರು.

“ಬೆಳಕು ಬೇಕು. ಡೌಲು ಬೇಡ. ಗೊತ್ತಾತಾ?” ಎಂದರು ಅಕ್ಕೋರು.

“ಗೊತ್ತಾತು” ಎಂದೆ. ಬೆಳಕಷ್ಟೇ ಗೊತ್ತಾಗಿತ್ತು.

ಪಶ್ಚಿಮದ ಗೋಡೆಯ ಆಚೆ ಗುಡ್ಡ ಇಳಿದು, ಶರಾವತಿ ಸಮುದ್ರಕ್ಕೆ ಸೇರುವುದು ಕಾಣುತ್ತಿತ್ತು. ಆ ನೋಟ ಕಂಡ ಮೇಲೆ ನನಗೆ ಬೇರೇನೂ ಕಾಣಲಿಲ್ಲ. ಪೂರ್ವದ ಬಾಗಿಲು ಮುಚ್ಚಿ ಅಲ್ಲಿ ಪಾದ್ರಿಗಳ ಉಪದೇಶಪೀಠ, ಪಶ್ಚಿಮಕ್ಕೆ ಹತ್ತು ಅಡಿ ಎತ್ತರದ ಕಮಾನಿನ ಬಾಗಿಲು, ಅದರ ಮುಂದೆ ನಾಲ್ಕು ಕಂಬದ ಮುಖಮಂಟಪ. ಜನ ಬಂದುಹೋಗಲು ಉತ್ತರಕ್ಕೊಂದು ಸಣ್ಣ ಬಾಗಿಲನ್ನೂ ಬರೆದೆ, ಮನಸ್ಸಿಲ್ಲದೆ. ಎಲ್ಲಕ್ಕೂ ಬಣ್ಣ ತುಂಬಿ ತೋರಿಸಿದೆ. ಆರು ಮಂದಿ ಅಕ್ಕೋರ ಕಡೆ ನೋಡಿದರು. ಅಕ್ಕೋರು ಬಹಳ ಹೊತ್ತು ಕಾಗದ ನೋಡಿ, “ಓದಿದ ಹುಡುಗ” ಎಂದಷ್ಟೇ ಹೇಳಿದರು. ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಗೋಡೆ ಕಟ್ಟಲು ಬಂದ ಮೇಸ್ತ್ರಿ ಕೊಂಕಣಿ ಮಾತಾಡುವ ಕೆಥೋಲಿಕ್. ಅವನಿಗೆ ಆ ಕಟ್ಟಡದ ಬಡತನ ಸಹಿಸುತ್ತಿರಲಿಲ್ಲ.

“ಮೂರ್ತಿ ಇಲ್ಲ, ಮೇಣದಬತ್ತಿ ಇಲ್ಲ. ಇದೆಂತ ಇಗರ್ಜಿ ಸಾಯ್ಬರೇ? ಗೋಡಾವಿಗೂ ಇದಕ್ಕೂ ಎಂತ ಫರಕು?” ಎಂದು ಕೇಳುತ್ತ, ಯಾರೂ ಹೇಳದಿದ್ದರೂ ಕಂಬದ ತಲೆಗೆ ಗಾರೆಯ ಬಳ್ಳಿ ಹಬ್ಬಿಸುವನು. ಅಕ್ಕೋರು ಸಂಜೆ ಬಂದು ಕೊಡೆಯ ತುದಿಯಿಂದ ತೋರಿಸಿ ಕೆರೆಸುವರು. ಬಡಗಿ ಆಚಾರಿಗೆ ದೇವಸ್ಥಾನದ ಕೆಲಸ ಮಾಡಿ ರೂಢಿ. ಅವನ ಕೈ ತನ್ನಷ್ಟಕ್ಕೆ ಬಾಗಿಲುಪಟ್ಟಿಯ ಮೇಲೆ ಕಮಲ ಕೆತ್ತಿಬಿಟ್ಟಿತು.

“ಇದೆಂತ ಹೂ?” ಎಂದರು ಅಕ್ಕೋರು.

ಆಚಾರಿ ನನ್ನ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. “ನಿಮ್ಮ ಪುಸ್ತಕದಲ್ಲಿ ಯಾವುದಿದೆಯೋ ಅದೇ ಅಕ್ಕೋರೇ” ಎಂದ.

ಅಕ್ಕೋರು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದರು. ಹೂ ಉಳಿಯಿತು.

ದೊಡ್ಡ ಬಾಗಿಲು ನಿಲ್ಲಿಸುವ ದಿನ ಮೇಸ್ತ್ರಿ ಸಮುದ್ರದ ಕಡೆ ನೋಡಿ ತಲೆ ತುರಿಸಿಕೊಂಡ. “ಸಾಯ್ಬರೇ, ಗಾಳಿ...” ಎಂದ. “ಗಾಳಿ ಬರಲಿ ಅಂತಲೇ ಇಟ್ಟದ್ದು” ಎಂದೆ. ಅವನು ಕದ ಎತ್ತಿ ನಿಲ್ಲಿಸಿದ.

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಸಂಜೆಯ ಬಿಸಿಲು ಆ ಬಾಗಿಲಿನಿಂದ ಒಳಹೊಕ್ಕು ಉಪದೇಶಪೀಠದವರೆಗೆ ಹಾಸಿಕೊಂಡಾಗ ನಾನು ಆಚೆ ಈಚೆ ನಿಂತು ಮೂರು ಸಲ ನೋಡಿದೆ. ಜೂನ್ ತಿಂಗಳ ಒಂದು ಭಾನುವಾರ ಪ್ರಾರ್ಥನೆಗೆ ಬಾ ಎಂದು ಪಾದ್ರಿಗಳು ಕರೆದರು. ಹೋಗಿ ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ ಕೂತೆ. ಎರಡನೆಯ ಹಾಡಿಗೆ ಮಳೆ ಬಂತು. ಬಂತು ಎಂದರೆ ಮೇಲಿನಿಂದ ಬರಲಿಲ್ಲ. ಸಮುದ್ರದ ಕಡೆಯಿಂದ ಅಡ್ಡಡ್ಡ, ನನ್ನ ಮಂಟಪ ದಾಟಿ, ನನ್ನ ಬಾಗಿಲಿನೊಳಗೆ ನೆಂಟರ ಹಾಗೆ ನುಗ್ಗಿತು. ಮೂವರು ಹಿರಿಯರು ಸೇರಿ ಕದ ತಳ್ಳಿದರೂ ಗಾಳಿಗೆ ಮುಚ್ಚಿಕೊಳ್ಳಲಿಲ್ಲ. ಹಾಡಿನ ಪುಸ್ತಕಗಳು ತೊಯ್ದವು. ಅಕ್ಕೋರು ಹಾಡು ನಿಲ್ಲಿಸದೆ ಕೊಡೆ ಬಿಡಿಸಿದರು. ಅವರನ್ನು ನೋಡಿ ಸಭೆಯೆಲ್ಲ ಕೊಡೆ ಬಿಡಿಸಿತು. ಪಾದ್ರಿಗಳಿಗೆ ಕೊಡೆ ಇರಲಿಲ್ಲ; ಒಬ್ಬ ಹಿರಿಯರು ಹೋಗಿ ಹಿಡಿದು ನಿಂತರು. ಉಪದೇಶ ಒಂದು ಮಾತೂ ಕಡಿಮೆಯಾಗದೆ ನಡೆಯಿತು. ಕೊಡೆ ತರದೆ ಬಂದವರು ಪಾದ್ರಿಗಳನ್ನು ಬಿಟ್ಟರೆ ನಾನೊಬ್ಬನೇ.

ಮರುದಿನ ಅಕ್ಕೋರು ಬಸ್ಸು ಹತ್ತಿ ಕುಮಟೆಗೇ ಬಂದರು. ನನ್ನ ಮೇಜಿನ ಎದುರು ಕೂತು, ಉಬ್ಬಿಹೋದ ಹಾಡಿನ ಪುಸ್ತಕವನ್ನು ನಕಾಶೆಯ ಮೇಲೆ ಇಟ್ಟರು.

“ತಮ್ಮಾ, ನಿನ್ನ ಊರು ಯಾವ್ದು?”

“ಹಳದೀಪುರ.”

“ಅಲ್ಲಿ ಮಳೆ ಯಾವ ದಿಕ್ಕಿಂದ ಬರ್ತದೆ?”

ನಾನು ಪುಸ್ತಕದ ಅಂಟಿಕೊಂಡ ಹಾಳೆಗಳನ್ನು ಬಿಡಿಸತೊಡಗಿದೆ. ಪಕ್ಕದಲ್ಲಿದ್ದ ಗುಮಾಸ್ತರು ಕೆಮ್ಮಿದರು. ಅದು ನಗು ಎಂದು ಎಲ್ಲರಿಗೂ ತಿಳಿಯಿತು.

“ನಂಗೂ ಗೊತ್ತಿತ್ತು ಮಾರಾಯಾ” ಎಂದರು ಅಕ್ಕೋರು ಸಣ್ಣ ದನಿಯಲ್ಲಿ. “ನೀ ಬಣ್ಣ ಹಾಕಿ ತಂದಿದ್ದೆಯಲ್ಲ, ಸಮುದ್ರ ಎಷ್ಟು ಚೆಂದ ಕಾಣ್ತಿತ್ತು. ನಾನೂ ಮರುಳಾದೆ. ಈಗ ಎಂತ ಮಾಡೂದು ಹೇಳು.”

ಆ ಮಳೆಗಾಲ ಮುಗಿಯುವವರೆಗೆ ಮಂಟಪಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಜನ ಉತ್ತರದ ಸಣ್ಣ ಬಾಗಿಲಿನಿಂದ ಬಂದರು. ಮಳೆ ಹೋದ ಮೇಲೆ, ಈ ಸಲ ಮೇಸ್ತ್ರಿಯನ್ನು ಮೊದಲು ಕೇಳಿ, ನಾಲ್ಕು ಕಂಬಗಳ ನಡುವೆ ಗೋಡೆ ಎಬ್ಬಿಸಿ ಕಿಟಕಿ ಇಟ್ಟೆವು. ಮಂಟಪ ಹೋಗಿ ಕೋಣೆಯಾಯಿತು. ಅಲ್ಲಿ ಅಕ್ಕೋರು ಎರಡು ಯಂತ್ರ ಹಾಕಿಸಿ ಊರ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸತೊಡಗಿದರು.

ನಾನು ಅರವತ್ತನೆಯ ಇಸವಿಯ ಆಚೆ ಭಟ್ಕಳದ ಕಡೆಯ ಕೆಲಸಕ್ಕೆ ಹೋದ ಮೇಲೆ, ಇಗರ್ಜಿಯ ಕೆಲಸ ನಡೆದಾಗ ಸಣ್ಣವಳಿದ್ದ ನನ್ನ ತಂಗಿಯೂ ಅಲ್ಲಿ ಹೊಲಿಗೆಗೆ ಸೇರಿದಳು. ನಾನು ರಜೆಗೆ ಮನೆಗೆ ಬಂದಾಗ ಊಟದ ಹೊತ್ತಿಗೆ ಹೇಳಿದಳು: “ಅಣ್ಣಾ, ಅಷ್ಟು ಗಾಳಿ-ಬೆಳಕಿನ ಕೋಣೆ ಹೊನ್ನಾವರದಲ್ಲೇ ಮತ್ತೊಂದಿಲ್ಲ. ಕಟ್ಟಿದವ ಬಾಳ ವಿಚಾರ ಮಾಡಿ ಕಟ್ಟಿದ್ದ.”

ನಾನು ಗಂಭೀರವಾಗಿ ತಲೆಯಾಡಿಸಿದೆ. ಬಡಿಸುತ್ತಿದ್ದ ಅಮ್ಮ ಮಾತ್ರ ಸೌಟು ಹಿಡಿದು ಅಲ್ಲೇ ನಿಂತು, “ಹೌದು, ತೊಯ್ದ ಮೇಲೆ ವಿಚಾರ ಮಾಡಿದ” ಎಂದಳು.