ಬೀಡಿ ಗ್ರಾಮದ ಕಣದಲ್ಲಿ ದಬ್ಕೆ

ಬೆಳಗಾವಿಯ ಶಿವಬಸವ ನಗರದಿಂದ ಹೊರಟಾಗ ಬಿಸಿಲು ಬಂದಿದ್ದರೂ ಚಳಿ ಬಿಟ್ಟಿರಲಿಲ್ಲ. ಟೆಂಪೊದಲ್ಲಿ ಪ್ಯಾಲೆಸ್ಟೈನಿನಿಂದ ಬಂದಿದ್ದ ಒಂಬತ್ತು ಮಕ್ಕಳು, ಅವರ ಶಿಕ್ಷಕಿ ನಾದಿಯಾ, ದುಭಾಷಿಯಾಗಿ ನಾನು. ಕುಂದಾದ ಡಬ್ಬಿ ಖಾಸಬಾಗ ದಾಟುವ ಮೊದಲೇ ಖಾಲಿಯಾಯಿತು. ಖಾನಾಪುರದ ಒಂದು ಸಭಾಭವನದಲ್ಲಿ ಮಕ್ಕಳ ದಬ್ಕೆ ಗೊತ್ತಾಗಿತ್ತು. ಕೈಗೆ ಕೈ ಕೋದು ಸಾಲಾಗಿ ನಿಂತು, ಬೂಟುಗಾಲಿನಿಂದ ನೆಲ ಬಡಿಯುವ ಕುಣಿತ ಅದು.

ಹನ್ನೆರಡು ವರ್ಷದ ಲೀನಾ ಅಂದು ಮೊದಲ ಸಲ ಸಾಲಿನ ಮುಂದೆ ನಿಲ್ಲುವವಳಿದ್ದಳು. ಅವಳ ತಾಯಿ ಹುಡುಗಿಯಾಗಿದ್ದಾಗ ನಿಲ್ಲುತ್ತಿದ್ದ ಜಾಗ. ತಾಯಿಗೆ ಪ್ರಯಾಣದ ಅನುಮತಿ ಸಿಕ್ಕಿರಲಿಲ್ಲ. ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಅಂದರೆ ನಮ್ಮ ನಾಲ್ಕು ಗಂಟೆಗೆ, ಫೋನಿನಲ್ಲಿ ನೋಡುವುದೆಂದು ಮಾತಾಗಿತ್ತು.

ಖಾನಾಪುರದಲ್ಲಿ ಭವನದ ಬಾಗಿಲಿಗೆ ಬೀಗ ಬಿದ್ದಿತ್ತು. ಬಹಳ ಹೊತ್ತಿನ ಮೇಲೆ ವ್ಯವಸ್ಥಾಪಕರು ಬಂದರು. "ಫೋನ್ ಬಂದಿತ್ರಿ. ಪರದೇಶದ ಮಂದಿ, ಉಗೀಚ್ ಸುಮ್ಮನ ಗದ್ದಲ ಯಾಕ?" ಎಂದರು. ಯಾರ ಫೋನು ಎಂದು ಕೇಳಿದೆ. ಅವರು ಬೀಗವನ್ನು ಒಮ್ಮೆ ಎಳೆದು ನೋಡಿ ಹೋದರು. ನಾದಿಯಾಗೆ ಹೇಳಲು ನಾನು ಪದ ಹುಡುಕುತ್ತಿದ್ದೆ. ಬೀಗಕ್ಕೆ ದುಭಾಷಿ ಬೇಡ ಎಂದರು ನಾದಿಯಾ.

ಚಾಲಕ ದಸ್ತಗೀರ್ ಚಾಚಾ ಗಾಡಿ ತಿರುಗಿಸಿದರು. "ಬೀಡ್ಯಾಗ ಗಂಗವ್ವ ಅಂತ ನನ್ನ ಗಿರಾಕಿ ಅದಾಳ್ರಿ. ಪ್ರತಿ ವರ್ಷಾ ಆಕಿ ಭತ್ತ ಹೇರತೀನಿ. ಬಾಯಿ ಕೆಟ್ಟದ್ದು, ಕಣ ದೊಡ್ಡದೈತಿ."

ದಾರಿಯುದ್ದಕ್ಕೂ ಒಂದು ಮೋಟರ್‌ಸೈಕಲ್ ನಮ್ಮ ಹಿಂದೆಯೇ ಬರುತ್ತಿತ್ತು. ಚಾಚಾ ಕನ್ನಡಿ ನೋಡುವುದನ್ನು ಮಕ್ಕಳೂ ಗಮನಿಸಿ ಮಾತು ನಿಲ್ಲಿಸಿದರು. ಅದು ಒಂದು ಕಬ್ಬಿನ ಹೊಲದ ಕಡೆ ಹೊರಳಿದ ಮೇಲೆಯೇ ಯಾರೋ ಕೆಮ್ಮಿದರು.

ಬೀಡಿಯಲ್ಲಿ ಗಂಗವ್ವ ಮೊದಲು ನೀರು ಬೆಲ್ಲ ಕೊಟ್ಟರು, ಚಾಚಾ ಹೇಳಿದ್ದನ್ನು ಕೇಳಿದರು. ಆಮೇಲೆ ಮಕ್ಕಳ ಕಾಲು ನೋಡಿದರು. "ಕುಣೀಲಿ ಬೇಕಾದ್ರ. ಮೆಟ್ಟಗಾಲಿಲೆ ಕಣಾ ತುಳೀಬ್ಯಾಡ್ರಿ. ನಾಳಿಗಿ ಇಲ್ಲೇ ರಾಶಿ ಪೂಜಿ ಐತಿ." ಸೊಸೆ ಕಣವನ್ನು ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ ಮುಗಿಸಿದ್ದಳು. ಮಕ್ಕಳು ಬೂಟು ಕಳಚಿ ಅಂಚಿನಲ್ಲಿಟ್ಟರು.

ನಾಲ್ಕಕ್ಕೆ ಫೋನಿನಲ್ಲಿ ಲೀನಾಳ ತಾಯಿ ಸಿಕ್ಕಳು. ತಾಯಿಯ ಮುಖ ಒಂದು ಕ್ಷಣ ಮೂಡಿ ಅಲ್ಲೇ ನಿಂತುಬಿಟ್ಟಿತು. ದನಿ ಮಾತ್ರ ಬರುತ್ತಿತ್ತು. ನಾದಿಯಾ ಚಪ್ಪಾಳೆಯಲ್ಲಿ ತಾಳ ಹಿಡಿದರು, ಸಾಲು ಚಲಿಸಿತು. ಬರಿಗಾಲು ಕಂಬಳಿಯ ಮೇಲೆ ಬಿದ್ದಂತೆ ಬೀಳುತ್ತಿದ್ದವು. ತಾಯಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದಳು. ಅದು ಕೇಳಿಸಿ ಲೀನಾ ನಿಂತಳು.

"ಏನಂತಾಳವಾ ಆಕಿ?" ಗಂಗವ್ವ ನನ್ನನ್ನು ಕೇಳಿದರು.

ಶುರುವಾಯಿತೇ ಎಂದು ಕೇಳುತ್ತಿದ್ದಾಳೆ, ಚಿತ್ರ ಹೋಗುತ್ತಿಲ್ಲ, ಕಾಲಿನ ಸಪ್ಪಳವೂ ಮುಟ್ಟುತ್ತಿಲ್ಲ, ಬಿಡುವು ಮುಗಿದರೆ ಅವಳು ಕೆಲಸಕ್ಕೆ ಹೋಗಬೇಕು ಎಂದೆ.

ಗಂಗವ್ವ ಕಣವನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. "ಹಾಕ್ಕೊಳ್ಳಿ ಬೂಟ. ಒಡದ್ರ ಮತ್ತ ಬಡದ್ರಾತು."

"ಬಡಿಯಾಕಿ ನಾ ಅಲ್ಲೇನ್ರೀ, ಅತ್ತಿ," ಎಂದಳು ಸೊಸೆ. ಹಾಗೆಂದವಳೇ ಬೂಟುಗಳನ್ನು ಎತ್ತಿ ಮಕ್ಕಳ ಮುಂದೆ ತಂದಿಟ್ಟಳು.

ಲೀನಾ ಲೇಸು ಬಿಗಿದು ಮತ್ತೆ ಸಾಲಿನ ಮುಂದೆ ನಿಂತಳು. ನಾನು ಮೊಣಕಾಲೂರಿ ಫೋನನ್ನು ನೆಲಕ್ಕೆ ಹಿಡಿದೆ. ಮೊದಲ ಬಡಿತ ನನ್ನ ಅಂಗೈಗೇ ಬಂತು. ಅಕ್ಕಪಕ್ಕದ ಮಂದಿ ಬಂದು ನಿಂತರು. ಫೋನು ಮೌನವಾಗಿತ್ತು. ಕಡಿದುಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ತಾಯಿ ಜೋರಾಗಿ ಏನೋ ಹೇಳಿದಳು. ಅಂದು ಮೊದಲ ಸಲ ನಾದಿಯಾ ನಕ್ಕರು.

"ಎಡಗಾಲು ತಡವಾಗುತ್ತಿದೆಯಂತೆ," ಎಂದು ಗಂಗವ್ವನಿಗೆ ಹೇಳಿದೆ.

ಲೀನಾ ಮುಖ ಸಿಂಡರಿಸಿದಳು, ಕುಣಿತ ನಿಲ್ಲಿಸಲಿಲ್ಲ. ಮುಂದಿನ ಸುತ್ತಿನಲ್ಲಿ ಎಡಗಾಲು ಸರಿಯಾಗಿ ಬಿತ್ತು. ಆಚೆಯಿಂದ "ಹಾಂ" ಎನ್ನುವಂಥ ಒಂದು ದನಿ ಬಂತು. ಆಮೇಲೆ ಫೋನು ಕಡಿಯಿತು.

ಕತ್ತಲಾಗುವ ಮೊದಲು ಹೊರಟೆವು. ಹಿಂದಿನ ಗಾಜಿನಿಂದ ನೋಡಿದೆ. ಕಣದ ಮೇಲೆ ಹಿಮ್ಮಡಿಯ ಗುರುತುಗಳು ಕಮಾನಿನಂತೆ ಮೂಡಿದ್ದವು. ಗಂಗವ್ವ ನೀರು ಚಿಮುಕಿಸುತ್ತಿದ್ದರು, ಸೊಸೆ ಕೊರಡು ಎತ್ತಿ ಬಡಿಯತೊಡಗಿದ್ದಳು. ತಿರುವಿನವರೆಗೂ ಆ ಸಪ್ಪಳ ಕೇಳಿಸಿತು.