ಬಾವು ಇಳೀತೇನೋ ಶಾಂತೂ?

ಹೈದರಾಬಾದಿನ ಬೇಗಂ ಬಜಾರಿನ ಪಾತ್ರೆ ಗಲ್ಲಿಯಲ್ಲಿ ಕೂತು ಶಾಂತಕುಮಾರ ಹೆಸರು ಕೊರೆದ ಸ್ಟೀಲ್ ಪಾತ್ರೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ, ಪಕ್ಕದಲ್ಲಿ ಚಾರ್ಮಿನಾರು ಉಪ್ಪಿನ ಡಬ್ಬಿಯಂತೆ ಕಾಣುತ್ತದೆ. ನಂಬದವರು ಪೇರಿಸಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೊಂದು ಗಿಡ್ಡ ಮಣೆ, ಕೈಯಲ್ಲಿ ಟರ್ರೆನ್ನುವ ಕರೆಂಟಿನ ಉಳಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಕನ್ನಡ, ತೆಲುಗು, ಹಿಂದಿ, ಉರ್ದು, ಯಾವ ಲಿಪಿ ಕೇಳಿದರೂ ಸೈ. ಆದರೆ ಉಳಿ ಊರುವ ಮುಂಚೆ ಗಿರಾಕಿಗೆ ಒಂದು ಮಾತು ಕೇಳದೆ ಬಿಡುತ್ತಿರಲಿಲ್ಲ: "ಹೆಸರು ಸರಿ ಐತೇನ್ ನೋಡ್ರಿ. ಒಮ್ಮೆ ಕೊರೆದರ ಅಳಸಾಕ ಬರಂಗಿಲ್ಲ. ಸ್ಟೀಲಿಗೆ ರಬ್ಬರ್ ಇಲ್ಲ."

ಊರ ಮಂದಿಯ ಹೆಸರುಗಳನ್ನೆಲ್ಲ ಜೋಡಿ ಮಾಡಿದ ಈ ಪುಣ್ಯಾತ್ಮನ ಹೆಸರಿನ ಪಕ್ಕದ ಜಾಗ ಮಾತ್ರ ನಲವತ್ತೊಂದು ತುಂಬಿದರೂ ಖಾಲಿ ಬಿದ್ದಿತ್ತು. ಅವನ ತಾಯಿ ಶರಣಬಸಮ್ಮ ಲಿಂಗಸುಗೂರಿನಿಂದ ಜಹೀರಾಬಾದಿನವರೆಗೆ ಹೆಣ್ಣು ಹುಡುಕಿ, ಕಡೆಗೆ ಇದೇ ಊರಿನ ಕುಷಾಯಿಗೂಡದಲ್ಲಿ ಸ್ನೇಹಲತಾಳನ್ನು ಪತ್ತೆ ಹಚ್ಚಿದಳು. ಮೂವತ್ತೆಂಟರ ಹೆಣ್ಣು, ಕುಬಸ ಹೊಲಿಯುವ ಸ್ವಂತ ಅಂಗಡಿ. ಬಂದ ಗಂಡುಗಳು ಯಾರೂ ಅಳತೆಗೆ ಸಿಗದೆ ಅವಳೂ ಹಾಗೇ ಉಳಿದಿದ್ದಳು. ಇಬ್ಬರೂ ಒಪ್ಪಿದರು. ಲಗ್ನಕ್ಕೆ ಮುಂದಿನ ತಿಂಗಳು ಮುಹೂರ್ತವಾಯಿತು. ಶಾಂತಕುಮಾರ ತನ್ನ ಮನೆಗೆ ಬೇಕಾದ ಪಾತ್ರೆಗಳನ್ನು ಒಂದೊಂದಾಗಿ ಆರಿಸಿ ಇಟ್ಟ. ಅವುಗಳ ಜೊತೆ, ಯಾರಿಗೂ ಹೇಳದೆ, ಒಂದು ಹಿತ್ತಾಳೆ ಒಳಲೆಯನ್ನೂ ಉಳಿಗಳ ಡಬ್ಬಿಯಲ್ಲಿ ಇಟ್ಟುಕೊಂಡ. ಕೂಸಿಗೆ ಹಾಲು ಕುಡಿಸುವ, ಗುಬ್ಬಿಯ ಕೊಕ್ಕಿನಂಥ ಮೂತಿಯ ಪುಟ್ಟ ಒಳಲೆ. ಅದಕ್ಕೆ ಕೊರೆಯುವ ಹೆಸರು ಇನ್ನೂ ಹುಟ್ಟಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಮನೆ ಮಾಲಕರ ಮೊಮ್ಮಗಳು ಲಹರಿ ಟಿಫಿನ್ ಡಬ್ಬಿಗೆ ಹೆಸರು ಹಾಕಿಸಿಕೊಳ್ಳಲು ಅವನ ತೊಡೆ ಏರಿ ಕೂತಳು. ಅವನು ಅವಳಿಗೆ ಹೆಸರು ಕೊಟ್ಟ, ಅವಳು ಅವನಿಗೆ ಮಂಗನಬಾವು ಕೊಟ್ಟಳು.

ಸಣ್ಣವರಿದ್ದಾಗ ಬಂದು ಹೋಗಬೇಕಾದ ರೋಗ ನಲವತ್ತೊಂದಕ್ಕೆ ಬಂದರೆ ಬಡ್ಡಿ ಸಮೇತ ಬರುತ್ತದೆ. ಕಿವಿಯ ಕೆಳಗೆ ಎರಡೂ ಕಡೆ ಊದಿ ಶಾಂತಕುಮಾರನ ಮುಖ ಎಷ್ಟು ಅಗಲವಾಯಿತೆಂದರೆ, ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕಾಯಿತು. ಗಂಟಲ ಬಾವಿಗೆ ಬಂಗಾರ ಮುಟ್ಟಿಸಬೇಕೆಂಬುದು ಶರಣಬಸಮ್ಮನ ಶಾಸ್ತ್ರ. ಸೊಸೆಗೆಂದು ಮಾಡಿಸಿಟ್ಟ ಸರವನ್ನೇ ತೆಗೆದು ಮಗನ ಕೊರಳಿಗೆ ಕಟ್ಟಿದಳು. ಮದುಮಗಳ ಸರ ಹಾಕಿಕೊಂಡು ಮದುಮಗ ಕನ್ನಡಿ ನೋಡಿಕೊಂಡ. ಮಂಗನಬಾವು ಅಂತ ಯಾಕನ್ನುತ್ತಾರೆಂಬುದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ವಾರದೊಳಗೆ ಕೊರಳು ಸಪಾಟಾಯಿತು. ಶರಣಬಸಮ್ಮ ಸರ ಬಿಚ್ಚಿ ಕಣ್ಣಿಗೊತ್ತಿಕೊಂಡು, ಬಂಗಾರದ ಗುಣವನ್ನು ಓಣಿಗೆಲ್ಲ ಸಾರಿ, ಬೆಲ್ಲದ ಸಜ್ಜಕ ಮಾಡಿ ಹಂಚಿದಳು.

"ಬಾವು ಇಳೀತೇನೋ ಶಾಂತೂ?"

"ಇಳೀತವ್ವ," ಅಂದ ಶಾಂತಕುಮಾರ, ಗೋಡೆಗೆ ಮುಖ ಮಾಡಿ.

ಸುಳ್ಳಲ್ಲ. ಬಾವು ಇಳಿದೇ ಇತ್ತು. ಕೊರಳಿನಿಂದ ಹೊರಟು, ಎದೆ ಹೊಟ್ಟೆ ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯಂತೆ, ನೆಟ್ಟಗೆ ಗಂಡಸು ಯಾರಿಗೂ ತೋರಿಸದ ಸ್ಟೇಷನ್ನಿಗೆ ಬಂದು ಇಳಿದಿತ್ತು. ಬಲಗಡೆಯ ಬೀಜ ಕೆಂಪೇರಿ ಮೋಸಂಬಿ ಗಾತ್ರಕ್ಕೆ ಊದಿ, ಮೈ ಕಾದ ಹಂಚಾಗಿತ್ತು. ಲುಂಗಿ ತಾಗಿದರೆ ಜೀವ ಹೋಗಿ ಬರುತ್ತಿತ್ತು. ಸ್ನೇಹಲತಾ ಫೋನು ಮಾಡಿದಾಗ "ಬೆನ್ನು ಹಿಡದೈತ್ರಿ" ಅಂದ. ವಾಂತಿಯಾದಾಗ ತಾಯಿಗೆ "ಸಜ್ಜಕ ಹೆಚ್ಚಾತು" ಅಂದ. ಮರುದಿನ ಬೆಳಗ್ಗೆ ಮಂಚದಿಂದ ಕಾಲು ಇಳಿಸಲಾಗದೆ ಹೋದಾಗ ಆಟೋ ಕರೆಸಿದ. ದವಾಖಾನೆ ಮುಟ್ಟುವವರೆಗೆ ನಗರದ ಒಂದೊಂದು ಗುಂಡಿಯೂ ಅವನಿಗೆ ಬಾಯಿಪಾಠವಾಯಿತು.

ಡಾಕ್ಟರು ಬಿಳಿ ಹುಬ್ಬಿನ ಹಳೇ ಹೈದರಾಬಾದಿ. "ಕ್ಯಾ ತಕಲೀಫ್ ಮಿಯಾಂ?" ಅಂದರು. ನಾಲ್ಕು ಲಿಪಿಯಲ್ಲಿ ಊರಿನ ಹೆಸರೆಲ್ಲ ಕೊರೆದವನಿಗೆ ಅದೊಂದರ ಹೆಸರು ಒಂದು ಭಾಷೆಯಲ್ಲೂ ಮರ್ಯಾದೆಯಿಂದ ಬಾಯಿಗೆ ಬರಲಿಲ್ಲ.

"ಗಲಸುವೆ ಹುವಾ ಥಾ ಸಾಬ್. ಅಬ್ ನೀಚೆ ಉತರ್ ಗಯಾ."

"ಕಿತ್ತಾ ನೀಚೆ?"

"ಭೋತ್ ನೀಚೆ, ಸಾಬ್."

ಮಂಗನಬಾವು ಎಲ್ಲಿಗೆ ಇಳಿದಿದೆಯೆಂದು ಡಾಕ್ಟರಿಗೆ ಅರ್ಥವಾಯಿತು. ನಗಲಿಲ್ಲ. ಪರದೆ ಎಳೆದು, ಕೈ ಬೆಚ್ಚಗೆ ಉಜ್ಜಿಕೊಂಡು ನೋಡಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಸ್ಟೂಲು ಹತ್ತಿರ ಎಳೆದುಕೊಂಡು ತಿಳಿಹೇಳಿದರು. ಮಂಗನಬಾವು ದೊಡ್ಡವರಿಗೆ ಬಂದರೆ ಹೀಗೆ ಕೆಳಗಿಳಿಯುವುದು ಹೊಸದೇನಲ್ಲ. ಆದರೆ ಈ ಜಾಗದ ನೋವನ್ನು ಮುಚ್ಚಿಟ್ಟುಕೊಂಡು ಕೂರುವುದು ಶುದ್ಧ ಮೂರ್ಖತನ. ಒಳಗಿನ ರಕ್ತದ ನಾಳ ತಿರುಚಿಕೊಂಡಿದ್ದರೆ ತಾಸುಗಳೊಳಗೆ ಕೊಯ್ಯಬೇಕಾಗುತ್ತಿತ್ತು. ಅದೃಷ್ಟಕ್ಕೆ ಹಾಗಾಗಿಲ್ಲ. ಇದು ವೈರಸ್ಸು, ಇದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಮಲಗಿಯೇ ಇರಬೇಕು. ಜ್ವರಕ್ಕೂ ನೋವಿಗೂ ಗುಳಿಗೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಸ್ವಲ್ಪ ಹೊತ್ತು ಇಡಬೇಕು, ಬರಿ ಚರ್ಮಕ್ಕೆ ತಾಗಿಸಬಾರದು. ಎಲ್ಲಕ್ಕಿಂತ ಮುಖ್ಯ, ಅದು ಜೋತುಬೀಳದಂತೆ ಕೆಳಗಿನಿಂದ ಆಸರೆ ಬೇಕು.

ಶಾಂತಕುಮಾರ ಎಲ್ಲಕ್ಕೂ ತಲೆದೂಗಿದ. ಕಡೆಗೆ, ಕೇಳಿದ್ದೂ ಕೇಳದ ಹಾಗೆ, "ಸಾಬ್... ಶಾದಿ ಹೈ," ಅಂದ.

ಬಿಳಿ ಹುಬ್ಬು ಸ್ವಲ್ಪ ಕೆಳಗಿಳಿಯಿತು. ಗಂಡಸುತನಕ್ಕೇನೂ ಧಕ್ಕೆಯಿಲ್ಲ ಅಂದರು. ಮಕ್ಕಳ ವಿಷಯದಲ್ಲೂ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಬಾವು ಒಂದೇ ಕಡೆ ಇದೆ, ಇನ್ನೊಂದು ಕಡೆ ಚೆನ್ನಾಗಿದೆ. ಆದರೂ ಬಾವು ಬಂದ ಬೀಜ ಸ್ವಲ್ಪ ಸೊರಗಬಹುದು. ಕೆಲವು ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಇವತ್ತು ಆಣೆ ಇಡಲು ಬರುವುದಿಲ್ಲ.

ಅಷ್ಟೆಲ್ಲ ಒಳ್ಳೆಯ ಮಾತಿನೊಳಗೆ ಶಾಂತಕುಮಾರನ ಕಿವಿಗೆ ಬಿದ್ದದ್ದು ಕಡೆಯದೊಂದೇ.

ಮನೆಗೆ ಬಂದು ತಾಯಿಗೆ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ. ಶರಣಬಸಮ್ಮ ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಬುದ್ಧಿಗಿಷ್ಟು! ಸರ ಲಗೂ ಬಿಚ್ಚಿಬಿಟ್ಟೆ. ಕಾವಲು ಹೋತು ಅಂತ ಬಾವು ಕೆಳಗ ಜಾರೇತಿ. ತಡಿ, ನಡಕ್ಕ ಕಟ್ತೀನಿ."

"ಯವ್ವಾ! ಅದು ಆಕಿ ಕೊರಳಿಗೆ ಹಾಕೋ ಸರಾ!"

ಮುದುಕಿ ನಿಂತು ಯೋಚಿಸಿದಳು. "ಅದೂ ಖರೆ. ಹಂಗಾರ ನನ್ನ ಬೋರಮಾಳ ಕಟ್ತೀನಿ."

ಬೋರಮಾಳದ ಬಂಗಾರದ ಗುಂಡುಗಳನ್ನು ತಪ್ಪಿಸಿಕೊಳ್ಳುವಷ್ಟರಲ್ಲಿ ಶಾಂತಕುಮಾರನಿಗೆ ಮತ್ತೆ ಜ್ವರ ಏರಿತು. ಅವಳು ಅಂಗಾಲು ತಿಕ್ಕುತ್ತ, ದನಿ ತಗ್ಗಿಸಿ ಅಂದಳು: "ಹೆಣ್ಣಿನ ಕಡೆಯವರ ಮುಂದ ಬಾಯಿ ಬಿಡಬ್ಯಾಡ ನನ್ನಪ್ಪ. ಬೆನ್ನು ಅನ್ನು. ಬೆನ್ನಿಗೆ ಯಾರೂ ಏನೂ ಅನ್ನಂಗಿಲ್ಲ. ಇಷ್ಟು ವರ್ಷಕ್ಕ ಒಂದು ಕೂಡಿ ಬಂದೈತಿ."

ಅವನು ಗೋಡೆ ನೋಡುತ್ತ ಮಲಗಿದ. ಮೂಲೆಯಲ್ಲಿ ಹೊಸ ಪಾತ್ರೆಗಳು ಹೆಸರಿಲ್ಲದೆ ಮಿರುಗುತ್ತಿದ್ದವು. ಉಳಿ ಊರುವ ಮುಂಚೆ ಗಿರಾಕಿಗಳಿಗೆಲ್ಲ ಕೇಳಿದ ಮಾತನ್ನು ಈ ಒಬ್ಬಳಿಗೆ ಕೇಳದೆ ಬಿಡುವುದು ಹೇಗೆ? ಮಂಚದ ಪಕ್ಕ ಇಟ್ಟುಕೊಂಡಿದ್ದ ಡಬ್ಬಿಯಿಂದ ಒಳಲೆ ತೆಗೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಉಳಿಗಳ ತಳಕ್ಕೆ ತುರುಕಿದ.

ಎರಡು ದಿನಕ್ಕೆ ಸ್ನೇಹಲತಾ ತಾನೇ ಬಂದಳು. ಎರಡು ಬಸ್ಸು ಬದಲಿಸಿ, ಮೊಸರನ್ನದ ಡಬ್ಬಿ ಹಿಡಿದುಕೊಂಡು.

"ಒಳಗ ಬರಬ್ಯಾಡ್ರಿ, ನಿಮಗ ಹತ್ತೀತು," ಅಂದ ಮಂಚದಿಂದಲೇ.

"ಸಣ್ಣಾಕಿದ್ದಾಗ ನನಗ ಬಂದು ಹೋಗೇತ್ರಿ. ನಿಮ್ಮಂಗ ಮುದುಕರಾಗೋತನಾ ಕಾಯಲಿಲ್ಲ."

ಶರಣಬಸಮ್ಮ ಮಗನ ಕಡೆ 'ಬೆನ್ನು, ಬೆನ್ನು' ಅಂತ ಕಣ್ಣಲ್ಲೇ ಹೇಳಿ ಚಹಾ ಇಡಲು ಹೋದಳು. ಶಾಂತಕುಮಾರ ತೊಡೆಯ ನಡುವಿನ ದಿಂಬನ್ನು ಸರಿಮಾಡಿಕೊಂಡ.

"ಪಾತ್ರೆ ಮ್ಯಾಲೆ ಇನ್ನಾ ಹೆಸರು ಕೊರೆದಿಲ್ರಿ. ಒಮ್ಮೆ ಕೊರೆದರ ಅಳಸಾಕ ಬರಂಗಿಲ್ಲ. ಅದಕ್ಕ ಮೊದಲ ಒಂದು ಮಾತು ಕೇಳ್ರಿ. ಬಾವು ಇಳದೈತಿ."

"ಗೊತ್ತೈತಿ. ಸಜ್ಜಕ ಹಂಚಿದ್ದೂ ಗೊತ್ತೈತಿ."

"ಹಂಗಲ್ರಿ. ಇಳದೈತಿ ಅಂದರ... ಕೆಳಗ ಇಳದೈತಿ."

ಅವಳು ಅವನ ಕೊರಳು ನೋಡಿದಳು. ಅವನ ಕಣ್ಣು ಹೋದ ದಾರಿಯಲ್ಲೇ ಅವಳ ಕಣ್ಣೂ ದಿಂಬಿನವರೆಗೆ ಬಂದು ನಿಂತಿತು. ಅವನು ಡಾಕ್ಟರು ಅಂದದ್ದೆಲ್ಲ ಹೇಳಿದ, ಒಳ್ಳೆಯದನ್ನೂ ಬಿಡಲಿಲ್ಲ, ಕಡೆಯದನ್ನೂ ಬಿಡಲಿಲ್ಲ. "ನೀವು ಒಲ್ಲೆ ಅಂದರ ನಾ ತಪ್ಪು ತಿಳಿಯಂಗಿಲ್ಲ. ಅವ್ವಗ ನಾನಾ ಹೇಳ್ತೀನಿ."

ಅಡಿಗೆ ಮನೆಯಲ್ಲಿ ಚಹಾ ಕುದಿಯುವುದನ್ನೂ ಬಿಟ್ಟು ಕಿವಿಗೊಟ್ಟಿತ್ತು. ಸ್ನೇಹಲತಾ ಮೊಸರನ್ನದ ಡಬ್ಬಿಯನ್ನು ಕೆಳಗಿಟ್ಟಳು.

"ನೋವು ಭಾಳ ಐತೇನ್ರಿ?"

ತಾಯಿ ಬಾವು ಇಳಿಯಿತೇ ಎಂದು ಕೇಳಿದ್ದಳು, ಡಾಕ್ಟರು ಎಷ್ಟು ಕೆಳಗೆ ಎಂದು ಕೇಳಿದ್ದರು. ಈ ಮಾತನ್ನು ಇಷ್ಟು ಮೆತ್ತಗೆ ಯಾರೂ ಕೇಳಿರಲಿಲ್ಲ. ನಲವತ್ತೊಂದು ವರ್ಷದ ಗಂಡಸು "ಐತ್ರಿ" ಅಂದು, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

"ಮಕ್ಕಳ ಮಾತಿಗೆ ಬಂದರ," ಅಂದಳು ಆಕೆ, ಕಿಟಕಿ ನೋಡುತ್ತ, "ನನಗ ಮೂವತ್ತೆಂಟು ರೀ. ನಾ ಏನು ಗ್ಯಾರಂಟಿ ಕಾರ್ಡ್ ಹಿಡಕೊಂಡು ಬರಾಕತ್ತೀನೇನು? ನಿಮ್ಮದಾದ್ರೂ ಡಾಕ್ಟರು ನೋಡ್ಯಾರ, ನಂದು ನೋಡಿದವರಾ ಇಲ್ಲ." ಆಮೇಲೆ ಗೋಡೆಯ ಮೊಳೆಗೆ ನೇತುಬಿದ್ದ, ಆಸರೆಗೆಂದು ಮೆಡಿಕಲ್ ಶಾಪಿನಿಂದ ತಂದ ಇಲಾಸ್ಟಿಕ್ ಪಟ್ಟಿ ಕಣ್ಣಿಗೆ ಬಿತ್ತು. ಎಳೆದು ನೋಡಿದಳು. "ಇದನ್ನ ಯಾರು ಹೊಲದಾರ? ಕತ್ತಿ ಕಟ್ಟೋ ಹಗ್ಗದಂಗ ಐತಿ. ಮೈ ಕೊರೀದ ಇರತೈತಿ?"

"ಕೊರೀತೈತ್ರಿ."

ಸ್ನೇಹಲತಾ ಒಮ್ಮೆ, ಒಂದೇ ಒಮ್ಮೆ, ಅವನ ನಡುವನ್ನು ದರ್ಜಿಯ ಕಣ್ಣಿನಿಂದ ಅಳೆದಳು. ಕಿವಿ ಕೆಂಪಾದವು, ಇಬ್ಬರದೂ. ಚಹಾ ತಂದ ಶರಣಬಸಮ್ಮ ಇಬ್ಬರ ಮುಖ ನೋಡುತ್ತ ಅರ್ಧ ತಟ್ಟೆಗೇ ಚೆಲ್ಲಿದಳು. ಸ್ನೇಹಲತಾ ತಟ್ಟೆಯದನ್ನೇ ಕುಡಿದು, "ಅತ್ತಿ, ಬೆನ್ನಿಗೆ ಐಸ್ ಇಡೂದು ಮರೀಬ್ಯಾಡ್ರಿ," ಅಂದು ಎದ್ದಳು. ಮುದುಕಿ ಅವಳ ಮುಖಕ್ಕೆ ದೃಷ್ಟಿ ತೆಗೆದು ಲಟಿಕೆ ಮುರಿದ ಸದ್ದು ಅಫ್ಜಲ್‌ಗಂಜಿನವರೆಗೆ ಕೇಳಿತು.

ಮರುದಿನ ಪಾರ್ಸೆಲ್ ಬಂತು. ಒಗೆದು ಒಗೆದು ಬೆಣ್ಣೆಯಾದ ಮಲ್ಮಲ್ ಸೀರೆಯಿಂದ ಹೊಲಿದ ಲಂಗೋಟಿಗಳು. ಹೊಲಿಗೆಯೆಲ್ಲ ಹೊರಮುಖ, ಒಳಗೆ ಮೈಗೆ ತಾಗುವಲ್ಲಿ ಒಂದು ಗಂಟಿಲ್ಲ. ಎರಡೂ ಪಕ್ಕಕ್ಕೆ ಬೇಕಾದಷ್ಟೇ ಬಿಗಿಯುವ ಲಾಡಿ. ಊರ ಹೆಣ್ಣುಮಕ್ಕಳ ಮದುವೆ ಕುಬಸ ಹೊಲಿದವಳು ಮದುವೆಗೆ ಮುಂಚೆ ಗಂಡನಿಗೆ ಲಂಗೋಟಿ ಹೊಲಿದದ್ದು ಭೂಮಿ ಹುಟ್ಟಿದಾಗಿನಿಂದ ಇದೇ ಮೊದಲಿರಬೇಕು.

"ಅಳತಿ ತಗೊಳ್ಳಲಾರದ ಯಾವತ್ತೂ ಕತ್ತರಿ ಹಿಡದಿಲ್ಲ ನೋಡ್ರಿ," ಅಂದಳು ಫೋನಿನಲ್ಲಿ. "ಹೆಂಗ ಐತಿ?"

"ಬರೋಬರಿ ಐತ್ರಿ."

ಆಮೇಲೆ ಬಹಳ ಹೊತ್ತು ಎರಡೂ ಕಡೆ ಯಾರೂ ಫೋನು ಇಡಲಿಲ್ಲ.

ಆಸರೆ ಸಿಕ್ಕ ಮೇಲೆ ನೋವು ದಿನದಿನಕ್ಕೆ ತಗ್ಗಿತು. ಜ್ವರ ಬಿಟ್ಟಿತು. ಮೋಸಂಬಿ ನಿಂಬೆಯಾಯಿತು, ನಿಂಬೆ ನೆಲ್ಲಿಯಾಯಿತು. ಡಾಕ್ಟರು ಇನ್ನೂ ಭಾರ ಎತ್ತಬೇಡ, ಅವಸರ ಬೇಡ ಅಂದರು. ಗುರುಬಲ ಸಾಲದೆಂದು ಓಣಿಗೆ ಹೇಳಿ ಶರಣಬಸಮ್ಮ ಲಗ್ನವನ್ನು ಒಂದು ಮುಹೂರ್ತ ಮುಂದಕ್ಕೆ ಹಾಕಿಸಿದಳು. ಪಾಪ, ಗುರುವಿಗೇನು ಗೊತ್ತು.

"ಬಾವು ಇಳೀತೇನೋ ಶಾಂತೂ?"

"ಇಳೀತವ್ವ."

"ಯಾವ ಕಡೆ ಇಳೀತು? ನೆಟ್ಟಗ ಹೇಳು!"

"ಪೂರ್ತಿ ಇಳೀತವ್ವ. ಇನ್ನ ಇಳ್ಯಾಕ ಜಾಗಾ ಎಲ್ಲೈತಿ?"

ಅವನು ಮತ್ತೆ ಮಣೆಯೇರಿದ ದಿನ ಸ್ನೇಹಲತಾ ಅಂಗಡಿಗೆ ಬಂದಳು. ಮನೆ ಪಾತ್ರೆಗಳಿಗೆ ಹೆಸರು ಕೊರೆಯುವುದನ್ನು ಕಣ್ಣಾರೆ ನೋಡಬೇಕಂತೆ. ಶಾಂತಕುಮಾರ ಮೊದಲ ಕೊಡ ತೊಡೆಗೆ ಆನಿಸಿಕೊಂಡು ಅಭ್ಯಾಸದಂತೆ ತಲೆಯೆತ್ತಿದ. ಅವನು ಬಾಯಿ ತೆರೆಯುವ ಮುಂಚೆಯೇ ಅವಳು ಅಂದಳು: "ಸರಿ ಐತಿ. ಕೊರೀರಿ."

ಟರ್ರ್ ಎಂದಿತು ಉಳಿ. ಸ್ಟೀಲಿನ ಪುಡಿ ಒರೆಸಲು ಬಟ್ಟೆ ಬೇಕಾಗಿ ಅವಳು ಉಳಿಗಳ ಡಬ್ಬಿಯ ತಳಕ್ಕೆ ಕೈ ಹಾಕಿದಳು. ಎಣ್ಣೆ ಬಟ್ಟೆ ಬಂತು, ಅದರೊಳಗಿಂದ ಹಿತ್ತಾಳೆ ಒಳಲೆ ಬಂತು. ಉಳಿ ನಿಂತಿತು. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅವನು ಕೊಡ ನೋಡಿದ.

"ಇದಕ್ಕ ಹೆಸರು ಹಾಕಿಲ್ಲಲ್ರಿ."

"ಯಾವ ಹೆಸರು ಹಾಕ್ಲಿ?"

ಸ್ನೇಹಲತಾ ಒಳಲೆಯ ಕೊಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಖಾಲೀನೇ ಇರ್ಲಿ. ನನ್ನ ಹೊಲಿಗಿ ಮಷೀನಿಗೆ ಎಣ್ಣಿ ಬಿಡಾಕ ಇಂಥಾ ಮೂತೀದಾ ಬೇಕಾಗಿತ್ತು." ಚೀಲಕ್ಕೆ ಹಾಕಿ, ಜಿಪ್ ಎಳೆದಳು. "ಬೇಕಾದಾಗ ಹುಣಸಿಹಣ್ಣು ಹಚ್ಚಿ ತಿಕ್ಕಿ ಕೊಡ್ತೀನಿ. ಬ್ಯಾಡಾದ್ರ, ಮಷೀನಂತೂ ಚಂದ ಓಡ್ತೈತಿ. ಹೂಂ, ಕೊರೀರಿ. ನನ್ನ ಹೆಸರಿನ್ಯಾಗ 'ತಾ'ಕ್ಕ ದೀರ್ಘ ಐತಿ, ಮರತೀರಿ."